ಸುಡಾನ್: ಸರ್ಕಾರವೇ ಸಾಕಿದ ಪಡೆ

2023ರ ಏಪ್ರಿಲ್‌ನಲ್ಲಿ ಸುಡಾನ್ ಹೆಸರು ನಮ್ಮ ಟಿವಿಗಳಲ್ಲಿ ಕೆಲವು ದಿನ ಓಡಿತ್ತು, ನೆನಪಿದೆ ಅಲ್ವಾ? ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿ-ಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದರು, ಕೆಲವರು ಎಲ್ ಫಾಶರ್ ಎಂಬ ಊರಿನಲ್ಲಿ. 'ಆಪರೇಷನ್ ಕಾವೇರಿ'ಯಲ್ಲಿ ಭಾರತೀಯರನ್ನು ಕರೆತಂದರು. ಸುದ್ದಿ ಅಲ್ಲಿಗೆ ನಿಂತಿತು. ಯುದ್ಧ ನಿಲ್ಲಲಿಲ್ಲ.

ಸೇನೆಯ ಮುಖ್ಯಸ್ಥ ಬುರ್ಹಾನ್, ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಮುಖ್ಯಸ್ಥ ಹೆಮೆಟಿ, ಇಬ್ಬರು ಜನರಲ್‌ಗಳ ಜಗಳ ಅಂತ ಸುಮ್ನೆ ಹೇಳಿಬಿಡುತ್ತಾರೆ. ಆದರೆ ಒಂದು ದೇಶದಲ್ಲಿ ಎರಡನೇ ಸೇನೆ ಬಂದದ್ದಾದರೂ ಎಲ್ಲಿಂದ?

2003ರಲ್ಲಿ ಪಶ್ಚಿಮದ ದಾರ್ಫುರ್ ಜನ ತಮ್ಮನ್ನು ಕೇಳುವವರೇ ಇಲ್ಲವೆಂದು ದಂಗೆ ಎದ್ದರು. ಅಧ್ಯಕ್ಷ ಒಮರ್ ಅಲ್ ಬಷೀರ್ ಅಲ್ಲಿನ ಅರಬ್ ದನಗಾಹಿ, ಒಂಟೆಗಾಹಿ ಬುಡಕಟ್ಟುಗಳ ಯುವಕರಿಗೆ ಬಂದೂಕು ಕೊಟ್ಟು ಫುರ್, ಮಸಾಲಿತ್, ಝಘಾವಾ ಜನರ ಹಳ್ಳಿಗಳ ಮೇಲೆ ಬಿಟ್ಟರು. ಜಂಜಾವೀದ್ ಎಂದರೆ ಇವರೇ. ವಿಶ್ವಸಂಸ್ಥೆಯ ಅಂದಾಜಿನಲ್ಲಿ ಸುಮಾರು 3 ಲಕ್ಷ ಜನ ಸತ್ತರು. ಶಿಕ್ಷೆಯ ಮಾತು ಹಾಗಿರಲಿ, 2013ರಲ್ಲಿ ಅದೇ ಪಡೆಗೆ ಆರ್‌ಎಸ್‌ಎಫ್ ಎಂದು ಹೆಸರಿಟ್ಟು ಸಮವಸ್ತ್ರ ತೊಡಿಸಿದರು, ಆಮೇಲೆ ಜೆಬೆಲ್ ಆಮಿರ್‌ನ ಚಿನ್ನದ ಗಣಿಯೂ ಹೆಮೆಟಿ ಕೈ ಸೇರಿತು. ಅಲ್ಲಿಂದ ಅವರು ಯಾರ ಮಾತನ್ನೂ ಕೇಳಬೇಕಾಗಿರಲಿಲ್ಲ.

ನಡುವೆ ಒಂದು ಆಸೆ ಚಿಗುರಿತ್ತು. 2018ರ ಡಿಸೆಂಬರ್‌ನಲ್ಲಿ ಬ್ರೆಡ್ ಬೆಲೆ ಏರಿದ್ದಕ್ಕೆ ಬೀದಿಗಿಳಿದ ಜನ, ನಾಲ್ಕೇ ತಿಂಗಳಲ್ಲಿ, 30 ವರ್ಷ ಆಳಿದ ಬಷೀರ್ ಕೆಳಗಿಳಿಯುವಂತೆ ಮಾಡಿದರು. 2021ರಲ್ಲಿ ಬುರ್ಹಾನ್ ಮತ್ತು ಹೆಮೆಟಿ ಕೈಜೋಡಿಸಿ, ಅಧಿಕಾರ ಕಿತ್ತುಕೊಂಡು ಆ ಆಸೆಯನ್ನು ಹೊಸಕಿಹಾಕಿದರು. ಆಮೇಲೆ ಅವರಿಬ್ಬರಲ್ಲೇ ಜಗಳ ಹತ್ತಿತು. ಆರ್‌ಎಸ್‌ಎಫ್ ಸೇನೆಯಲ್ಲಿ ಸೇರಲು ಎರಡು ವರ್ಷ ಸಾಕು ಎಂದಿತು ಸೇನೆ, ಹತ್ತು ಬೇಕು ಎಂದರು ಹೆಮೆಟಿ. 2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ತೂಮ್‌ನಲ್ಲಿ ಗುಂಡು ಹಾರಿತು.

ಮನೆಮಠ ಬಿಟ್ಟು ಓಡಿದವರು 1 ಕೋಟಿ 20 ಲಕ್ಷಕ್ಕೂ ಜಾಸ್ತಿ. ದಾರ್ಫುರ್‌ನ ಎಲ್ ಜೆನೀನಾದಲ್ಲಿ ಆರ್‌ಎಸ್‌ಎಫ್‌ನವರು ಮಸಾಲಿತ್ ಜನರನ್ನು ಹುಡುಕಿ ಹುಡುಕಿ ಕೊಂದರು. 20 ವರ್ಷದ ಹಿಂದೆಯೂ ಸತ್ತವರು ಇದೇ ಜನ.

ಇನ್ನು ಆ ಎಲ್ ಫಾಶರ್, ಅದೂ ದಾರ್ಫುರ್‌ನದೇ. 2024ರ ಮೇನಿಂದ ಆರ್‌ಎಸ್‌ಎಫ್ ಅದನ್ನು ಸುತ್ತುವರಿದು, ಒಳಗೆ ಆಹಾರ ಹೋಗದಂತೆ ತಡೆಯಿತು. ಜನ 'ಅಂಬಾಜ್' ತಿಂದು ದಿನ ದೂಡಿದರು. ಅದು ಕಡಲೆಕಾಯಿ ಹಿಂಡಿ, ನಾವು ದನಗಳಿಗೆ ಹಾಕುತ್ತೇವಲ್ಲ, ಅದೇ. 2025ರ ಅಕ್ಟೋಬರ್‌ನಲ್ಲಿ ಊರು ಬಿದ್ದಾಗ ಅದೂ ಸಿಗುತ್ತಿರಲಿಲ್ಲ.