ಕೈಯ ಜುಮ್ ನಿಂತರೆ

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಡಯಾಲಿಸಿಸ್‌ನಲ್ಲಿರುವವರು ಆಗಲೂ ನೀರನ್ನು ಅಳೆದೇ ಕುಡಿಯಬೇಕು. ಅಂಥದ್ದರಲ್ಲಿ ವಾಂತಿ-ಭೇದಿ ಆಗಿ ಬಿಪಿ ಇಳಿಯಿತೋ, ಕೈಯಲ್ಲಿರುವ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆಂದೇ ಹೊಲಿದು ಮಾಡಿದ ರಕ್ತನಾಳಗಳ ಜೋಡಣೆ, ಮುಚ್ಚಿಕೊಳ್ಳುವ ಭಯ.

ಡಯಾಲಿಸಿಸ್ ಯಂತ್ರ ನಿಮಿಷಕ್ಕೆ ಸುಮಾರು 300 ಮಿಲಿ ರಕ್ತ ಎಳೆಯುತ್ತದೆ. ಸೂಜಿ ಚುಚ್ಚುವ ಮಾಮೂಲಿ ರಕ್ತನಾಳ ಅಷ್ಟು ಕೊಡಲಾರದು. ಅದಕ್ಕೇ ಆ ನಾಳವನ್ನು ಪಕ್ಕದ ಅಪಧಮನಿಗೆ ಹೊಲಿದು ಸೇರಿಸುತ್ತಾರೆ. ನ್ಯೂಯಾರ್ಕಿನ ಬ್ರೆಸ್ಷಿಯಾ, ಸಿಮಿನೊ ಮತ್ತು ಅಪೆಲ್ ಈ ಉಪಾಯವನ್ನು 1966ರಲ್ಲಿ ಪ್ರಕಟಿಸಿದರು. ಹೊಲಿದ ಜಾಗದ ಮೇಲೆ ಬೆರಳಿಟ್ಟರೆ ಒಳಗೆ ಜುಮ್ ಎನ್ನುತ್ತಿರುತ್ತದೆ. ಅದು ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಜಾಸ್ತಿ.

ಆದರೆ ನಿಜವಾದ ಕಳ್ಳ ಹೆಪ್ಪಲ್ಲ. ಅಪಧಮನಿಯ ರಭಸಕ್ಕೆ ಆ ನಾಳ ಹುಟ್ಟಿನಿಂದ ಒಗ್ಗಿದ್ದಲ್ಲ. ರಭಸ ತಡೆಯಲು ಗೋಡೆ ದಪ್ಪವಾಗುತ್ತದೆ, ಇದು ಬೇಕಾದದ್ದೇ. ಕೆಲವೆಡೆ, ಹೆಚ್ಚಾಗಿ ಹೊಲಿಗೆಯ ಹತ್ತಿರ, ಒಳಪದರ ಮಿತಿಮೀರಿ ಬೆಳೆದು ದಾರಿ ಕಿರಿದಾಗುತ್ತದೆ. ಅಲ್ಲಿ ಹರಿವು ನಿಧಾನವಾಗಿ ರಕ್ತ ಹೆಪ್ಪುಗಟ್ಟುತ್ತದೆ. ಬಿಪಿ ಇಳಿದದ್ದು ಸುಮ್ನೆ ನೆಪ.

ಹೆಪ್ಪು ತೆಗೆಯಲು ಫೊಗಾರ್ಟಿ ಕೆಥೀಟರ್ ಎಂಬ ಸಣ್ಣ ನಳಿಕೆ ಇದೆ. ತುದಿಯ ಬಲೂನನ್ನು ಉಬ್ಬಿಸದೆಯೇ ಹೆಪ್ಪು ದಾಟಿಸಿ, ಆಚೆ ಉಬ್ಬಿಸಿ, ಮೆಲ್ಲಗೆ ಹಿಂದಕ್ಕೆ ಎಳೆದರೆ ಹೆಪ್ಪು ಅದರೊಂದಿಗೆ ಜಾರಿ ಬರುತ್ತದೆ. ಥಾಮಸ್ ಫೊಗಾರ್ಟಿ ಮೊದಲ ಬಲೂನು ಮಾಡಿದ್ದು ಸರ್ಜರಿ ಕೈಗವಸಿನ ಬೆರಳ ತುದಿಯಿಂದ! ಹೆಪ್ಪು ಕರಗಿಸುವ ಔಷಧಿಯನ್ನು ನೇರ ನಾಳಕ್ಕೇ ಬಿಡುವುದೂ ಉಂಟು. ಅಷ್ಟಕ್ಕೇ ಬಿಟ್ಟರೆ ಮತ್ತೆ ಕಟ್ಟಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಕಿರಿದಾದ ಜಾಗ ಹುಡುಕಿ, ಇನ್ನೊಂದು ಗಟ್ಟಿ ಬಲೂನಿನಿಂದ ಹಿಗ್ಗಿಸಬೇಕು. ನನ್ನ ಪ್ರಕಾರ ಮುಖ್ಯ ಕೆಲಸ ಇದೇ. ಕೆಲವು ತಿಂಗಳಲ್ಲಿ ಅದೇ ಜಾಗ ಮತ್ತೆ ಕಿರಿದಾಗಬಹುದು, ಆದ್ದರಿಂದ ತಪಾಸಣೆ ತಪ್ಪಿಸಬಾರದು.

ಹೊತ್ತು ಕಳೆದಷ್ಟೂ ಹೆಪ್ಪು ಗೋಡೆಗೆ ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ 48 ಗಂಟೆಯೊಳಗೆ ತೆಗೆದರೆ ಒಳ್ಳೆಯದು. ಈ ನಡುವೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದರೆ ಮೊದಲು ಕುತ್ತಿಗೆಗೆ ನಳಿಕೆ ಹಾಕಿ ಡಯಾಲಿಸಿಸ್ ಮಾಡುತ್ತಾರೆ.

ಮನೆಯಲ್ಲಿ ಕೈ ತಿಕ್ಕಬೇಡಿ, ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ಆ ಕೈಗೆ ಬಿಪಿ ನೋಡಿಸಬೇಡಿ, ಬಿಗಿ ಬಳೆ ಬೇಡ, ತೊಗರಿ ಚೀಲ ಹೊರುವುದಂತೂ ಬೇಡವೇ ಬೇಡ. ‘ಮುಂದಿನ ಪಾಳಿ ಸೋಮವಾರ ಅದ, ಅಲ್ಲೀತನಾ ನೋಡೋಣ’ ಅಂತ ಕೂರುವವರಿದ್ದಾರೆ. ಡಯಾಲಿಸಿಸ್ ಮಾಡುವ ಎಲ್ಲ ಕಡೆ ಈ ಬಲೂನು ಚಿಕಿತ್ಸೆ ಇರುವುದಿಲ್ಲ. ಎಲ್ಲಿ ಮಾಡುತ್ತಾರೆ ಎಂದು ಕೈ ಸರಿಯಿರುವಾಗಲೇ ಕೇಳಿ, ಫೋನ್ ನಂಬರನ್ನು ಡಯಾಲಿಸಿಸ್ ಫೈಲಿನ ಮೇಲೆ ಬರೆದಿಟ್ಟುಕೊಳ್ಳಿ.