ತಂಡ ಊರು ಬಿಟ್ಟರೆ ಇತಿಹಾಸ ಯಾರ ಪಾಲಿಗೆ?

ಪ್ರಶ್ನೆ: ಈಚೆಗೆ ಅಮೆರಿಕನ್ ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ದೇನೆ. ಬಾಲ್ಟಿಮೋರ್ ರೇವನ್ಸ್ ಮೊದಲು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಆಗಿತ್ತು ಅಂತಾರೆ. ಆದರೆ ಬ್ರೌನ್ಸ್ ಈಗಲೂ ಆಡ್ತಾ ಇದೆಯಲ್ಲ! ಹಾಗಿದ್ರೆ ಹಳೇ ಗೆಲುವುಗಳೆಲ್ಲ ಯಾರ ಲೆಕ್ಕಕ್ಕೆ?

ಉತ್ತರ: ಹೊಸದಾಗಿ ನೋಡುವವರೆಲ್ಲ ಇಲ್ಲಿ ಒಮ್ಮೆ ಗೊಂದಲಕ್ಕೆ ಬೀಳುತ್ತಾರೆ. ಚುಟುಕಾಗಿ ಹೇಳಿದರೆ, ಹಳೇ ಗೆಲುವುಗಳೆಲ್ಲ ಕ್ಲೀವ್‌ಲ್ಯಾಂಡ್ ಲೆಕ್ಕಕ್ಕೆ. ಮಾಲೀಕ ಮತ್ತು ಆಟಗಾರರು ಬಾಲ್ಟಿಮೋರ್‌ಗೆ ಹೋದರು. ಹೆಸರು, ಬಣ್ಣ, ದಾಖಲೆಗಳು ಊರಲ್ಲೇ ಉಳಿದವು. ಅಣ್ಣತಮ್ಮಂದಿರ ನಡುವೆ ಮನೆ ಪಾಲಾದ ಹಾಗೆ.

ಬ್ರೌನ್ಸ್ ಹುಟ್ಟಿದ್ದು 1946ರಲ್ಲಿ. ಮೊದಲ ಕೋಚ್ ಪಾಲ್ ಬ್ರೌನ್, ಅವರ ಹೆಸರೇ ತಂಡಕ್ಕೆ. ಆಗ ಅವರು ಆಡುತ್ತಿದ್ದ ಎಎಎಫ್‌ಸಿ ಲೀಗ್ ನಡೆದದ್ದೇ ನಾಲ್ಕು ವರ್ಷ, ನಾಲ್ಕೂ ವರ್ಷ ಗೆದ್ದದ್ದು ಇವರೇ. 1950ರಲ್ಲಿ ಎನ್‌ಎಫ್‌ಎಲ್‌ಗೆ, ಅಂದರೆ ಈಗಲೂ ಆಡುತ್ತಿರುವ ಮುಖ್ಯ ಲೀಗ್‌ಗೆ ಬಂದರು, ಬಂದ ವರ್ಷವೇ ಚಾಂಪಿಯನ್. ಆಮೇಲೆ 1954, 1955, 1964ರಲ್ಲೂ ಗೆದ್ದರು. ಕ್ಲೀವ್‌ಲ್ಯಾಂಡ್ ಕಾರ್ಖಾನೆ ಕಾರ್ಮಿಕರ ಊರು. ಅಪ್ಪ ಮಗನನ್ನು, ಆ ಮಗ ತನ್ನ ಮಗನನ್ನು ಕರೆದುಕೊಂಡು ಹೋಗಿ ನೋಡಿದ ತಂಡ ಇದು.

ಹೀಗಿರುವಾಗ 1995ರ ನವೆಂಬರ್ 6ರಂದು ಮಾಲೀಕ ಆರ್ಟ್ ಮೊಡೆಲ್ ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಘೋಷಿಸಿದರು. ಹಳೇ ಸ್ಟೇಡಿಯಂನಿಂದ ನಷ್ಟ ಆಗ್ತಿದೆ ಅನ್ನೋದು ಅವರ ವಾದ. ಮಾರನೇ ದಿನವೇ ಊರಲ್ಲಿ ಮತದಾನ ಇತ್ತು. ಮದ್ಯ, ಸಿಗರೇಟಿನ ಮೇಲಿನ ತೆರಿಗೆ ಮುಂದುವರಿಸಿ ಆ ದುಡ್ಡಲ್ಲಿ ಸ್ಟೇಡಿಯಂ ರಿಪೇರಿ ಮಾಡಬಹುದಾ ಅಂತ. ತಂಡ ಹೊರಟಿದೆ ಅಂತ ಗೊತ್ತಿದ್ದೂ ಜನ ಭಾರೀ ಬಹುಮತದಿಂದ ಹೂಂ ಅಂದರು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಊರಿನ ಕೊನೇ ಪಂದ್ಯ ಅದೇ ವರ್ಷ ಡಿಸೆಂಬರ್ 17ರಂದು, ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧ. ಮೈದಾನದ ಒಂದು ತುದಿಯಲ್ಲಿ 'ಡಾಗ್ ಪೌಂಡ್' ಅನ್ನುವ ಗ್ಯಾಲರಿ. ನಾಯಿ ಮುಖವಾಡ ಹಾಕಿಕೊಂಡು ಬೊಗಳುವ ಕಟ್ಟಾ ಅಭಿಮಾನಿಗಳ ಜಾಗ ಅದು. ಆವತ್ತು ಅವರು ಕೂತಿದ್ದ ಸೀಟುಗಳನ್ನೇ ಕಿತ್ತು ಮೈದಾನಕ್ಕೆ ಎಸೆದರು. ಕೊನೇ ಕ್ವಾರ್ಟರ್‌ನಲ್ಲಿ ರೆಫರಿಗಳು ಆಟವನ್ನೇ ಇನ್ನೊಂದು ತುದಿಗೆ ತಿರುಗಿಸಬೇಕಾಯಿತು. ಬ್ರೌನ್ಸ್ 26-10ರಿಂದ ಗೆದ್ದಿತು. ಪಂದ್ಯ ಮುಗಿದ ಮೇಲೆ ಆಟಗಾರರು ಅದೇ ಗ್ಯಾಲರಿ ಹತ್ತಿರ ಹೋಗಿ ಜನರನ್ನು ತಬ್ಬಿಕೊಂಡರು.

ಆದರೆ ಊರು ಸುಮ್ನೆ ಅಳುತ್ತಾ ಕೂರಲಿಲ್ಲ. ಸ್ಟೇಡಿಯಂನ ಗುತ್ತಿಗೆ 1998ರವರೆಗೆ ಇತ್ತು. ಮೇಯರ್ ಮೈಕಲ್ ವೈಟ್ ಅದನ್ನೇ ಹಿಡಿದುಕೊಂಡು ಕೋರ್ಟಿಗೆ ಹೋದರು. ಲೀಗ್ ಮಣಿಯಿತು, 1996ರ ಫೆಬ್ರವರಿಯಲ್ಲಿ ರಾಜಿ ಆಯಿತು. ಮೊಡೆಲ್ ಆಟಗಾರರ ಸಮೇತ ಹೋಗಬಹುದು, ಆದರೆ ಅವರದ್ದು ಹೊಸ ತಂಡ ಅಂತ ಲೆಕ್ಕ. ಬ್ರೌನ್ಸ್ ಮೂರು ಸೀಸನ್ ಆಡುವುದಿಲ್ಲ ಅಷ್ಟೇ, ಸತ್ತಿಲ್ಲ. 1999ರಲ್ಲಿ ಮತ್ತೆ ಶುರು.

ಕಿಕ್ಕರ್ (ಚೆಂಡು ಒದ್ದು ಪಾಯಿಂಟು ಗಳಿಸುವ ಆಟಗಾರ) ಮ್ಯಾಟ್ ಸ್ಟೋವರ್ ಅವರನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1991ರಿಂದ 1995ರವರೆಗೆ ಅವರು ಬ್ರೌನ್ಸ್ ಆಟಗಾರ, 1996ರಿಂದ 2008ರವರೆಗೆ ರೇವನ್ಸ್ ಆಟಗಾರ. ಮಧ್ಯದಲ್ಲಿ ಯಾರೂ ಅವರನ್ನು ಮಾರಲಿಲ್ಲ, ಕೊಳ್ಳಲಿಲ್ಲ. ತಂಡ ಊರು ಬಿಟ್ಟಾಗ ಮಾಲೀಕರೂ ಅದೇ ಮೊಡೆಲ್. ಆದರೂ ಅವರ ಮೊದಲ ಐದು ವರ್ಷದ ಪಾಯಿಂಟುಗಳು ಕ್ಲೀವ್‌ಲ್ಯಾಂಡ್ ದಾಖಲೆ ಪುಸ್ತಕದಲ್ಲಿವೆ, ಉಳಿದವು ಬಾಲ್ಟಿಮೋರ್ ಪುಸ್ತಕದಲ್ಲಿ. ರೇವನ್ಸ್ ಇತಿಹಾಸ 1996ಕ್ಕಿಂತ ಹಿಂದೆ ಒಂದು ದಿನವೂ ಹೋಗುವುದಿಲ್ಲ.

ಇದು ಅಪರೂಪದ ಪ್ರಕರಣ ಅನ್ನೋದು ನೆನಪಿರಲಿ. ಸಾಮಾನ್ಯವಾಗಿ ಇತಿಹಾಸ ಮಾಲೀಕನ ಹಿಂದೆಯೇ ಹೋಗುತ್ತದೆ. ಅದರ ನೋವು ಬಾಲ್ಟಿಮೋರ್‌ಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅವರ ಹಳೇ ತಂಡ ಕೋಲ್ಟ್ಸ್. ತಂಡವನ್ನು ನಗರವೇ ವಶಕ್ಕೆ ಪಡೆಯಲು ಅವಕಾಶ ಕೊಡುವ ಕಾನೂನು ಮೇರಿಲ್ಯಾಂಡ್ ಶಾಸನಸಭೆಯಲ್ಲಿ ತಯಾರಾಗುತ್ತಿತ್ತು. ಅದು ಜಾರಿಗೆ ಬರುವ ಮೊದಲೇ, 1984ರ ಮಾರ್ಚ್ 28ರ ರಾತ್ರಿ, ಮಾಲೀಕ ರಾಬರ್ಟ್ ಅರ್ಸೆ ಟ್ರಕ್ಕುಗಳನ್ನು ತರಿಸಿ ಸಾಮಾನೆಲ್ಲ ತುಂಬಿಸಿ ಇಂಡಿಯಾನಾಪೊಲಿಸ್‌ಗೆ ಕಳಿಸಿಬಿಟ್ಟರು. ಬೆಳಗಾಗುವಾಗ ಕಚೇರಿ ಖಾಲಿ.

ಒಂದು ಮಾತ್ರ ಉಳಿಯಿತು, ತಂಡದ ಬ್ಯಾಂಡು. ಬ್ಯಾಂಡಿನವರ ಸಮವಸ್ತ್ರ ಆ ರಾತ್ರಿ ಡ್ರೈಕ್ಲೀನಿಂಗ್ ಅಂಗಡಿಯಲ್ಲಿತ್ತು, ಹಾಗಾಗಿ ಟ್ರಕ್ ಹತ್ತಲಿಲ್ಲ! ಊರಿಗೆ ಎನ್‌ಎಫ್‌ಎಲ್ ತಂಡವೇ ಇಲ್ಲದ ಅಷ್ಟೂ ವರ್ಷ ಅವರು ಕೋಲ್ಟ್ಸ್ ಬ್ಯಾಂಡ್ ಅನ್ನುವ ಹೆಸರಲ್ಲೇ ನುಡಿಸುತ್ತಾ ಬಂದರು. ಈಗ ರೇವನ್ಸ್ ಪಂದ್ಯಗಳಲ್ಲಿ ನುಡಿಸುವುದು ಅದೇ ಬ್ಯಾಂಡು.

ದಾಖಲೆಗಳು ಮಾತ್ರ ವಾಪಸ್ ಬರಲಿಲ್ಲ. 1958ರ ಫೈನಲ್‌ನಲ್ಲಿ ಕೋಲ್ಟ್ಸ್ ನ್ಯೂಯಾರ್ಕ್ ಜಯಂಟ್ಸ್ ತಂಡವನ್ನು ಓವರ್‌ಟೈಮ್‌ನಲ್ಲಿ 23-17ರಿಂದ ಸೋಲಿಸಿದ ಗೆಲುವು ಇವತ್ತಿಗೂ ಇಂಡಿಯಾನಾಪೊಲಿಸ್ ಲೆಕ್ಕದಲ್ಲಿದೆ. ಆ ಪಂದ್ಯದಲ್ಲಿ ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಆಗಿದ್ದ ಜಾನಿ ಯುನೈಟಸ್ ಅವರ 19ನೇ ನಂಬರನ್ನು ಬೇರೆ ಯಾರಿಗೂ ಕೊಡದೆ ಗೌರವಿಸಿರುವುದೂ ಇಂಡಿಯಾನಾಪೊಲಿಸ್ ತಂಡವೇ. ಯುನೈಟಸ್ ಆ ಊರಿಗಾಗಿ ಒಂದು ಪಂದ್ಯವನ್ನೂ ಆಡಿದವರಲ್ಲ. ಅವರ ಪ್ರತಿಮೆ ಇರುವುದು ಬಾಲ್ಟಿಮೋರ್‌ನಲ್ಲಿ, ರೇವನ್ಸ್ ಸ್ಟೇಡಿಯಂ ಮುಂದೆ. ನನ್ನ ಪ್ರಕಾರ ಪ್ರತಿಮೆಯೇ ಸರಿ, ಪುಸ್ತಕ ತಪ್ಪು. ತಂಡ ಕೊಂಡವರು ದುಡ್ಡು ಹಾಕಿರಬಹುದು. ಆದರೆ ಚಳಿಯಲ್ಲಿ ಕೂತು ಕೂಗಿದ ಜನರ ನೆನಪನ್ನು ಅವರು ಕೊಂಡಿರುವುದಿಲ್ಲ, ಅಲ್ವಾ?

ಹ್ಯೂಸ್ಟನ್‌ನವರನ್ನು ಕೇಳಿದರೆ ಇದೇ ಮಾತು ಹೇಳುತ್ತಾರೆ. ಅವರ ಆಯಿಲರ್ಸ್ 1997ರಲ್ಲಿ ಟೆನೆಸಿಗೆ ಹೋಗಿ, ಮುಂದೆ ಟೈಟನ್ಸ್ ಆಯಿತು. ಹ್ಯೂಸ್ಟನ್‌ಗೆ ಸಿಕ್ಕ ಹೊಸ ತಂಡ ಟೆಕ್ಸನ್ಸ್. 2023ರ ಡಿಸೆಂಬರ್ 17ರಂದು ಟೈಟನ್ಸ್‌ನವರು ಟೆಕ್ಸನ್ಸ್ ಎದುರಿಗೇ ಆಯಿಲರ್ಸ್‌ನ ತಿಳಿನೀಲಿ ಜರ್ಸಿ ತೊಟ್ಟು ಆಡಿದರು. ಹ್ಯೂಸ್ಟನ್ ಅಭಿಮಾನಿಗಳಿಗೆ ಅದು ತುಂಬಾ ಚುಚ್ಚಿತು. ಪಂದ್ಯವನ್ನೇನೋ ಟೆಕ್ಸನ್ಸ್ 19-16ರಿಂದ ಗೆದ್ದಿತು. ಆದರೆ ಆಯಿಲರ್ಸ್ 1960, 1961ರಲ್ಲಿ ಹ್ಯೂಸ್ಟನ್‌ಗೆ ತಂದುಕೊಟ್ಟ ಎಎಫ್‌ಎಲ್ (ಆಗ ಎನ್‌ಎಫ್‌ಎಲ್‌ಗೆ ಪೈಪೋಟಿ ಕೊಡುತ್ತಿದ್ದ ಲೀಗ್) ಪ್ರಶಸ್ತಿಗಳು ಈಗಲೂ ಟೆನೆಸಿಯ ಲೆಕ್ಕದಲ್ಲೇ ಇವೆ.