ಕೀಬೋರ್ಡ್, ಮೌಸ್ ಒಟ್ಟಿಗೇ ನಿಂತರೆ ತಪ್ಪು ಅವುಗಳದ್ದಲ್ಲ

ಹೊಸ ಕೀಬೋರ್ಡ್ ಕೊಳ್ಳಲು ಹೊರಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ: ಕೀಬೋರ್ಡ್ ಮಾತ್ರ ನಿಂತಿದೆಯೋ, ಮೌಸ್ ಕೂಡ ನಿಂತಿದೆಯೋ? ಎರಡೂ ಬೇರೆ ಬೇರೆ ಸಾಧನಗಳು. ಒಂದೇ ಗಳಿಗೆಯಲ್ಲಿ ಎರಡೂ ಕೆಡುವುದು ತೀರಾ ಅಪರೂಪ. ಒಟ್ಟಿಗೇ ನಿಂತಿವೆ ಎಂದರೆ ಎರಡಕ್ಕೂ ಆಧಾರವಾಗಿದ್ದ ಇನ್ನೇನೋ ಕೈಕೊಟ್ಟಿದೆ: ಕಂಪ್ಯೂಟರೇ ಹ್ಯಾಂಗ್ ಆಗಿರಬಹುದು, ಎರಡನ್ನೂ ಚುಚ್ಚಿದ್ದ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ) ಹೋಗಿರಬಹುದು, ವೈರ್‌ಲೆಸ್ ಜೋಡಿಯಾದರೆ ಡಾಂಗಲ್ (ಪೋರ್ಟಿಗೆ ಚುಚ್ಚುವ ಪುಟ್ಟ ರಿಸೀವರ್) ಸಡಿಲಾಗಿರಬಹುದು, ಇಲ್ಲವೇ ವಿಂಡೋಸ್‌ನ ಯುಎಸ್‌ಬಿ ಡ್ರೈವರ್ (ಸಾಧನದೊಂದಿಗೆ ಮಾತಾಡುವ ತಂತ್ರಾಂಶ) ಕೆಟ್ಟಿರಬಹುದು. ಹಾಗಿದ್ದಾಗ ಹೊಸದನ್ನು ತಂದು ಚುಚ್ಚಿದರೂ ಅದೂ ಸುಮ್ಮನೆ ಕೂರುತ್ತದೆ.

ಕ್ಯಾಪ್ಸ್ ಲಾಕ್ ಒತ್ತಿ, ಅದರ ದೀಪ ನೋಡಿ. ಸಾಮಾನ್ಯ ಯುಎಸ್‌ಬಿ ಕೀಬೋರ್ಡ್‌ಗಳಲ್ಲಿ ಆ ದೀಪ ಹೊತ್ತಿಸುವುದು ಕೀಬೋರ್ಡ್ ಅಲ್ಲ, ಕಂಪ್ಯೂಟರ್. ಕೀ ಒತ್ತಿದ ಸುದ್ದಿ ಒಳಗೆ ಹೋಗಿ, ದೀಪ ಹಚ್ಚುವ ಆಜ್ಞೆ ಮರಳಿ ಬರಬೇಕು. ಹಾಗಾಗಿ ದೀಪ ಹೊತ್ತಿ ಆರುತ್ತಿದ್ದರೆ ವೈರ್, ಪೋರ್ಟ್, ಡ್ರೈವರ್ ಮೂರೂ ಬದುಕಿವೆ. ತೊಂದರೆ ಯಾವುದೋ ಪ್ರೋಗ್ರಾಂನಲ್ಲೋ ಸೆಟ್ಟಿಂಗ್‌ನಲ್ಲೋ ಇದೆ. ದೀಪ ಬದಲಾಗುತ್ತಿಲ್ಲ, ಪರದೆಯ ಗಡಿಯಾರವೂ ನಿಂತಿದೆ ಎಂದರೆ ಇಡೀ ಯಂತ್ರ ಹ್ಯಾಂಗ್ ಆಗಿದೆ. ಗಡಿಯಾರ ಓಡುತ್ತಿದ್ದರೆ ಸಂಪರ್ಕ ಮಾತ್ರ ಕಡಿದಿದೆ. ಆಗ ಹಬ್ ಬಿಟ್ಟು, ಸಿಪಿಯು ಹಿಂಬದಿಯ ಪೋರ್ಟಿಗೆ ನೇರ ಚುಚ್ಚಿ. ಮುಂಬದಿಯ ಪೋರ್ಟುಗಳು ಮದರ್‌ಬೋರ್ಡಿಗೆ ಒಳಗಿನ ಕೇಬಲ್‌ನಿಂದ ಸೇರಿರುತ್ತವೆ; ಆ ಕೇಬಲ್ ಸಡಿಲಾಗುವುದು ಸಾಮಾನ್ಯ.

ಯಾವುದಕ್ಕೂ ಬಗ್ಗದಿದ್ದರೆ ಪವರ್ ಬಟನ್ ಅನ್ನು ಮೊದಲು ಒಮ್ಮೆ ಲಘುವಾಗಿ ಒತ್ತಿ. ಹೆಚ್ಚಿನ ಡೆಸ್ಕ್‌ಟಾಪ್‌ಗಳು ಆಗ ಕ್ರಮವಾಗಿಯೇ ಶಟ್ ಡೌನ್ ಆಗುತ್ತವೆ, ಡಿಸ್ಕ್ ಮೇಲೆ ಬರೆಯುತ್ತಿದ್ದ ಕೆಲಸ ನಡುವೆ ಕಡಿಯುವುದಿಲ್ಲ. ಒತ್ತಿ ಹಿಡಿಯುವುದು ಕೊನೆಯ ಉಪಾಯ. ಆಫ್ ಆದ ಮೇಲೆ ಪವರ್ ಕೇಬಲ್ ಕಿತ್ತು, ಬಟನ್ ಅನ್ನು 15ರಿಂದ 30 ಸೆಕೆಂಡ್ ಹಿಡಿಯಿರಿ. ಆಫ್ ಮಾಡಿದ ಮೇಲೂ ಮದರ್‌ಬೋರ್ಡಿನಲ್ಲಿ ಸ್ಟ್ಯಾಂಡ್‌ಬೈ ಕರೆಂಟ್ ಹರಿಯುತ್ತಿರುತ್ತದೆ, ಸಿಕ್ಕಿಬಿದ್ದ ಯುಎಸ್‌ಬಿ ಕಂಟ್ರೋಲರ್ ಅದೇ ಸ್ಥಿತಿಯಲ್ಲಿ ಉಳಿಯಬಹುದು. ಮತ್ತೆ ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ, ವಿಂಡೋಸ್‌ಗೂ ಮೊದಲು ಏಳುವ ಮೂಲ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ (ಕಂಪನಿಗೊಂದು ಕೀ ಇರುತ್ತದೆ). ಅಲ್ಲಿ ಕೀಬೋರ್ಡ್ ಕೆಲಸ ಮಾಡಿದರೆ ಹಾರ್ಡ್‌ವೇರ್ ಗಟ್ಟಿಯಿದೆ, ತಪ್ಪು ವಿಂಡೋಸ್‌ನದು. ಬ್ಲೂಟೂತ್ ಕೀಬೋರ್ಡಿಗೆ ಈ ಪರೀಕ್ಷೆ ಹೊಂದದು. ಅದು ಸಾಮಾನ್ಯವಾಗಿ ಬಯಾಸ್‌ನಲ್ಲಿ ಕೆಲಸ ಮಾಡುವುದಿಲ್ಲ.

ವಿಂಡೋಸ್‌ನ ತಪ್ಪು ಎಂದು ಗೊತ್ತಾದರೆ ಶಟ್ ಡೌನ್ ಬದಲು ರೀಸ್ಟಾರ್ಟ್ ಕೊಡಿ. ಬೇಗ ಆನ್ ಆಗಲೆಂದು ವಿಂಡೋಸ್‌ನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮರುದಿನ ಅದೇ ಕೆಟ್ಟ ಸ್ಥಿತಿ ಮೇಲೇಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬಂದಾಗಲೆಲ್ಲ ಎರಡೂ ಸತ್ತಿರುತ್ತವೆಯೆಂದರೆ ಕಾರಣ ವಿದ್ಯುತ್ ಉಳಿತಾಯ. ವಿಂಡೋಸ್‌ನ ಸಾಧನಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರತಿಯೊಂದು ಯುಎಸ್‌ಬಿ ರೂಟ್ ಹಬ್‌ನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದ ಮೊದಲ ಟಿಕ್ ತೆಗೆಯಿರಿ.

ಅದೇ ಡಿವೈಸ್ ಮ್ಯಾನೇಜರ್‌ನಲ್ಲಿ ಕೀಬೋರ್ಡ್ ಹೆಸರಿನ ಪಕ್ಕ ಹಳದಿ ತ್ರಿಕೋನ, ದೋಷದ ಕೋಡ್ 19 ಅಥವಾ 39 ಕಂಡರೆ, ತೆಗೆದುಹಾಕಿದ ಯಾವುದೋ ತಂತ್ರಾಂಶದ ಫಿಲ್ಟರ್ ಡ್ರೈವರ್ (ಮೂಲ ಡ್ರೈವರ್‌ಗೆ ಅಂಟಿಕೊಂಡು ನಡೆಯುವ ಇನ್ನೊಂದು) ಉಳಿದಿರುವ ಸಂಭವ ಹೆಚ್ಚು. ಅದನ್ನು ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ ತೆಗೆಯಬಹುದು. ಆದರೆ ‘ಕೆಬಿಡಿಕ್ಲಾಸ್’ ಎಂಬ ಸಾಲು ಅಳಿಸಿದರೆ ಯಾವ ಕೀಬೋರ್ಡೂ ನಡೆಯದು. ಅಭ್ಯಾಸವಿಲ್ಲದವರು ಅಲ್ಲಿ ಕೈ ಹಾಕಬೇಡಿ.

ಅಪ್‌ಡೇಟ್ ಕೂಡ ಇದನ್ನು ಮಾಡಬಲ್ಲದು. 2025ರ ಅಕ್ಟೋಬರ್ 14ರಂದು ವಿಂಡೋಸ್ 11ಕ್ಕೆ ಬಂದ ಕೆಬಿ5066835 ಹಾಕಿಕೊಂಡವರಿಗೆ ಕೆಟ್ಟ ವಿಂಡೋಸ್ ಸರಿಪಡಿಸಲು ಇರುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ನಡೆಯಲಿಲ್ಲ. ವಿಂಡೋಸ್ ಒಳಗೆ ಮಾತ್ರ ಎಲ್ಲ ಸರಿ. ಮೈಕ್ರೋಸಾಫ್ಟ್ ಅಕ್ಟೋಬರ್ 20ರಂದು ಕೆಬಿ5070773 ಕೊಟ್ಟು ಸರಿಪಡಿಸಿತು.

ಕೀಬೋರ್ಡ್ ಒಂದೇ ನಿಂತಿದೆ, ಮೌಸ್ ಚೆನ್ನಾಗಿದೆ ಎಂದರೆ ಮೊದಲ ಅನುಮಾನ, ಗಳಿಗೆ ಮಾತ್ರ ಒತ್ತಿದ ಕೀಗಳನ್ನು ಕಡೆಗಣಿಸುವ ‘ಫಿಲ್ಟರ್ ಕೀಸ್’ ಸೌಲಭ್ಯದ ಮೇಲಿರಲಿ. ಬಲಗಡೆಯ ಶಿಫ್ಟ್ ಅನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಇದನ್ನು ಆನ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಓದದೆ ಒಪ್ಪಿಬಿಟ್ಟರೆ ಬೇಗ ಬೇಗ ಒತ್ತಿದ ಅಕ್ಷರ ಮೂಡುವುದಿಲ್ಲ, ಒಂದೊಂದನ್ನೂ ಹಿಡಿದು ಕೂರಬೇಕು. ಕೀಬೋರ್ಡ್ ಸತ್ತಿತೆಂದೇ ಅನಿಸುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಕೀಬೋರ್ಡ್ ತೆರೆದು ಆಫ್ ಮಾಡಿ. ಅಲ್ಲಿಯವರೆಗೆ ಪಾಸ್‌ವರ್ಡ್ ಹಾಕಲು ಲಾಗಿನ್ ಪರದೆಯ ಬಲ ಕೆಳಮೂಲೆಯ ಆಕ್ಸೆಸಿಬಿಲಿಟಿ ಚಿಹ್ನೆಯಲ್ಲಿ ಆನ್‌ಸ್ಕ್ರೀನ್ ಕೀಬೋರ್ಡ್ ಇದೆ. ಕರ್ನಾಟಕದ ಕಚೇರಿಗಳಲ್ಲಿ ಇನ್ನೊಂದು ಗೊಂದಲ: ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ ಚಾಲೂ ಇದ್ದು ಸ್ಕ್ರಾಲ್ ಲಾಕ್ ಒತ್ತಿಹೋಗಿದ್ದರೆ ಇಂಗ್ಲಿಷ್ ಬದಲು ಏನೇನೋ ಬೀಳುತ್ತದೆ. ಅದು ಕೀಬೋರ್ಡ್ ದೋಷವಲ್ಲ, ಸ್ಕ್ರಾಲ್ ಲಾಕ್ ಮತ್ತೊಮ್ಮೆ ಒತ್ತಿದರೆ ಸರಿ.

ಮೌಸ್ ಒಂದೇ ನಿಂತಿದ್ದರೆ ಎಡ ಆಲ್ಟ್, ಎಡ ಶಿಫ್ಟ್, ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ. ನಂಬರ್ ಪ್ಯಾಡ್‌ನ 4, 6, 8, 2ರಿಂದ ಬಾಣ ಸರಿಯುತ್ತದೆ, 5 ಒತ್ತಿದರೆ ಕ್ಲಿಕ್. ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಬ್ಯಾಟರಿ ಬದಲಿಸಿ. ಆಮೇಲೆ ಡಾಂಗಲ್ ಪಕ್ಕ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಇದೆಯೇ ನೋಡಿ. ಅದು ಹೊರಡಿಸುವ ರೇಡಿಯೊ ಗದ್ದಲ, ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. ಒಂದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ಡಾಂಗಲ್ ಅನ್ನು ಮೇಜಿನ ಮೇಲೆ ತಂದಿಡಿ.

ನೇರಳೆ, ಹಸಿರು ಬಣ್ಣದ ದುಂಡು ಪಿನ್ನಿನ ಪಿಎಸ್/2 ಸಾಧನಗಳನ್ನು ಕಂಪ್ಯೂಟರ್ ಆಫ್ ಮಾಡಿಯೇ ಚುಚ್ಚಬೇಕು. ಆನ್ ಇರುವಾಗ ಕಿತ್ತು ಚುಚ್ಚಿದರೆ ರೀಸ್ಟಾರ್ಟ್ ಆಗುವವರೆಗೆ ಅವು ಕಾಣದೆ ಇರಬಹುದು.

ಚಹಾ ಚೆಲ್ಲಿದ ಕೀಬೋರ್ಡಿನಲ್ಲಿ ಎಲ್ಲವೂ ಕೆಡದೆ, ಒಂದು ಸಾಲಿನ ನಾಲ್ಕೈದು ಕೀಗಳು ಮಾತ್ರ ನಿಲ್ಲುವುದುಂಟು. ಒಳಗಿನ ಪ್ಲಾಸ್ಟಿಕ್ ಹಾಳೆಯಲ್ಲಿ ಅಷ್ಟೂ ಕೀಗಳಿಗೆ ಒಂದೇ ಗೆರೆ ಹಾದಿರುತ್ತದೆ. ಆ ಗೆರೆ ತುಕ್ಕು ಹಿಡಿದರೆ ಒರೆಸಿ ಪ್ರಯೋಜನವಿಲ್ಲ. ಚೆಲ್ಲಿದ ಕೂಡಲೇ ವೈರ್ ಕಿತ್ತು, ಬೋರಲು ಹಾಕಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಸಕ್ಕರೆ ಅಂಟು ಒರೆಸಿ, ಒಂದು ದಿನ ಒಣಗಲು ಬಿಟ್ಟರೆ ಬಹುಪಾಲು ಉಳಿಯುತ್ತದೆ. ಹೇರ್ ಡ್ರೈಯರ್ ಬೇಡ, ಬಿಸಿಗೆ ಆ ಹಾಳೆ ಸೊಟ್ಟಗಾಗುತ್ತದೆ.